ಹದಿನಾರರ ಬಸುರಿ, ಅಜ್ಜಿಯೇ ಅತ್ತೆ: ಪುಣೆಯ ಒಂದು ಶುಶ್ರೂಷಾ ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಯಾದಗಿರಿ, ಕಲಬುರಗಿ ಕಡೆಯಿಂದ ಪುಣೆಗೆ ಗುಳೆ ಬಂದ ಕುಟುಂಬಗಳಲ್ಲಿ ಕಾಣುವ ಹಲವು ಪ್ರಕರಣಗಳ ಅಂಶಗಳನ್ನು ಕೂಡಿಸಿ, ಗುರುತು ಸಿಗದಂತೆ ಬದಲಿಸಿ, ಒಂದೇ ಪ್ರಕರಣವಾಗಿ ಇಲ್ಲಿ ಬರೆದಿದೆ. ಹುಡುಗಿಗೆ ಹೆಸರಿಟ್ಟಿಲ್ಲ.

ಆಕೆ ಖರಾಡಿ ಕಡೆಯ ಒಂದು ಸೈಟಿನ ತಗಡಿನ ಶೆಡ್ಡಿನಿಂದ ಪಾಲಿಕೆಯ ಪ್ರಸೂತಿಗೃಹಕ್ಕೆ ಬಂದಳು. ಗಂಡ ಸೆಂಟ್ರಿಂಗ್ ಕೆಲಸದವನು, 23ರ ಪ್ರಾಯ, ಅವಳ ಅವ್ವನ ಖಾಸಾ ತಮ್ಮ. ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರಿಂದ ಜೊತೆಗೆ ಬಂದಿದ್ದ ಅತ್ತೆ ಅವಳ ಸ್ವಂತ ಅಜ್ಜಿಯೇ. ಈ ಸಂಬಂಧವನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಗಂಡನ ಮೇಲೆ ಕೇಸಾದರೆ ಅವಳ ಅವ್ವನ ತವರಿನ ಮೇಲೆಯೇ ಕೇಸಾದಂತೆ. ಬೇರೆ ಹುಡುಗಿಯರಿಗೆ ಗಂಡನ ಮನೆಯಲ್ಲಿ ಕಷ್ಟವಾದರೆ ಓಡಿಹೋಗಲು ತವರೆಂದು ಒಂದಿರುತ್ತದೆ. ಇವಳಿಗೆ ಎರಡೂ ಒಂದೇ ಮನೆ.

ನೋಂದಣಿಯಲ್ಲಿ ವಯಸ್ಸು 19 ಎಂದು ಬರೆಸಿದ್ದರು. ತೂಕ 41 ಕಿಲೋ, ಹಿಮೋಗ್ಲೋಬಿನ್ 8.6, ರಕ್ತದೊತ್ತಡ 110/70. ಕೊನೆಯ ಮುಟ್ಟಿನ ದಿನ ನೆನಪಿರಲಿಲ್ಲ. ಸ್ಕ್ಯಾನಿನಲ್ಲಿ 20 ವಾರ 5 ದಿನ ಎಂದು ಬಂತು. ಈ ಹಂತದ ಸ್ಕ್ಯಾನಿನ ಲೆಕ್ಕ ಹತ್ತು ದಿನ ಹಿಂದೆ ಮುಂದೆ ಆಗಬಹುದು. ಅದೇಕೆ ಮುಖ್ಯ ಎಂಬುದು ಕೆಳಗೆ ಬರುತ್ತದೆ.

ದೂರು ಏನೆಂದು ಕೇಳಿದರೆ ಅಜ್ಜಿಯೇ ಉತ್ತರ ಕೊಟ್ಟಳು: ಊಟ ಸೇರುವುದಿಲ್ಲ, ಸುಮ್ಮನೆ ಕೂತಿರುತ್ತಾಳೆ, ಮಾತಾಡಿದರೆ ಉತ್ತರ ಕೊಡುವುದಿಲ್ಲ, ಹಟಮಾರಿ. ಹುಡುಗಿ ನೆಲ ನೋಡುತ್ತ ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಕಾರ್ಡಿನಲ್ಲಿ ಯಾರೋ 'ಸಹಕರಿಸುವುದಿಲ್ಲ' ಎಂದು ಮರಾಠಿಯಲ್ಲಿ ಬರೆದಿದ್ದರು. ಮರಾಠಿ ಬಾರದ ಹುಡುಗಿ ಮರಾಠಿಯಲ್ಲಿ ಕೇಳಿದ್ದಕ್ಕೆ ಉತ್ತರಿಸಲಿಲ್ಲ ಎಂಬುದಷ್ಟೇ ಆ ಸಾಲಿನಿಂದ ತಿಳಿಯುವುದು.

ಒಂದೇ ಪ್ರಶ್ನಾವಳಿ, ಎರಡು ಅಂಕ

ಗರ್ಭಿಣಿಯರ ಮನಃಸ್ಥಿತಿ ಅಳೆಯಲು ಎಡಿನ್‌ಬರೊ ಮಾಪಕ ಬಳಕೆಯಲ್ಲಿದೆ. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಂಭವ ಹೆಚ್ಚೆಂದು ತಿಳಿದು ಮುಂದಿನ ತಪಾಸಣೆಗೆ ಕಳಿಸುತ್ತಾರೆ. 10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಏನು ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ವಿಚಾರಿಸಬೇಕು.

ಮೊದಲ ಸಲ ಅಜ್ಜಿ ಪಕ್ಕದಲ್ಲೇ ಕೂತಿದ್ದಾಗ ಕೇಳಿದ್ದಕ್ಕೆ 5 ಬಂತು. ಅದೇ ಬೆಳಗ್ಗೆ, ಒಂದು ಗಂಟೆ ಬಿಟ್ಟು, ಅಕ್ಕಲಕೋಟೆ ಕಡೆಯ ಕನ್ನಡ ಬಲ್ಲ ಸಿಸ್ಟರ್ ಒಬ್ಬರು ಬೇರೆ ಕೋಣೆಯಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ 17 ಬಂತು. 10ನೇ ಪ್ರಶ್ನೆಗೆ 1.

ಅಂಕ ಹಾಕುವಾಗಲೂ ತಪ್ಪಾಗುತ್ತದೆ. 1, 2 ಮತ್ತು 4ನೇ ಪ್ರಶ್ನೆಗಳಲ್ಲಿ ಮೇಲಿನ ಉತ್ತರಕ್ಕೆ 0, ಕೆಳಗಿನದಕ್ಕೆ 3. ಉಳಿದ ಏಳರಲ್ಲಿ ಇದು ತಿರುವುಮುರುವು. ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಕೂಡಿಸಿದರೆ ಅಂಕಕ್ಕೆ ಅರ್ಥವೇ ಉಳಿಯುವುದಿಲ್ಲ. ನಿದ್ದೆಯ ಪ್ರಶ್ನೆಯೂ ಹಾಗೆ. ಅದು ಕೇಳುವುದು ದುಃಖದಿಂದ ನಿದ್ದೆ ಕೆಟ್ಟಿದೆಯೇ ಎಂದು. ರಾತ್ರಿಯಿಡೀ ಕಾಂಕ್ರೀಟ್ ಮಿಕ್ಸರ್ ತಿರುಗುವ ಸೈಟಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ 'ಮಿಷಿನ್ ನಿಂತ ಮ್ಯಾಲರ ನಿದ್ದಿ ಬರ್ತದೇನು?' ಎಂದು ಇನ್ನೊಂದು ಪ್ರಶ್ನೆ ಸೇರಿಸಬೇಕಾಯಿತು. 'ಬರಲ್ಲ. ಎದಿ ಮ್ಯಾಲ ಕಲ್ಲಿಟ್ಟಂಗ ಇರ್ತದ' ಎಂದಳು. ಅದು ಅಂಕಕ್ಕೆ ಸೇರುವ ಉತ್ತರ.

ರಕ್ತ ಕಡಿಮೆಯಾದವರಲ್ಲಿಯೂ ಸುಸ್ತು, ಹಸಿವಿಲ್ಲದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇರುತ್ತದೆ. 8.6 ಇರುವ ಹುಡುಗಿಯಲ್ಲಿ ಯಾವುದು ರಕ್ತಹೀನತೆ, ಯಾವುದು ಖಿನ್ನತೆ ಎಂದು ಬೇರ್ಪಡಿಸುತ್ತ ಕೂರುವುದು ವ್ಯರ್ಥ. ಎರಡಕ್ಕೂ ಕೂಡಿಯೇ ಚಿಕಿತ್ಸೆ ಶುರುವಾಗಬೇಕು.

ಕೇಳುವ ಮೊದಲು ಹೇಳಬೇಕಾದದ್ದು

ಈ ಪ್ರಕರಣದ ತಿರುಳೆಲ್ಲ ಆ ಬೇರೆ ಕೋಣೆಯ ಮೊದಲ ಐದು ನಿಮಿಷದಲ್ಲಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಲೈಂಗಿಕ ಸಂಪರ್ಕವಾಗಿದೆ ಎಂದು ಗೊತ್ತಾದರೆ, ಶಂಕೆ ಬಂದರೂ ಸರಿ, 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಶಿಕ್ಷೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಮದುವೆಯಾಗಿದೆ ಎಂಬುದು ವಿನಾಯಿತಿಯಲ್ಲ. 18ರೊಳಗಿನ ಹೆಂಡತಿಯೊಡನೆ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

ಹೀಗಿರುವಾಗ ಬಹಳ ಕಡೆ ನಡೆಯುವುದು ಇಷ್ಟು: ಸಿಸ್ಟರ್ ಬೆನ್ನು ಸವರಿ, 'ನನ್ನ ಮುಂದ ಹೇಳು, ಯಾರಿಗೂ ಹೇಳಂಗಿಲ್ಲ' ಎನ್ನುತ್ತಾರೆ. ಹುಡುಗಿ ಹೇಳುತ್ತಾಳೆ. ಸಂಜೆ ಪೊಲೀಸರು ಬರುತ್ತಾರೆ. ಮರುದಿನ ಶೆಡ್ಡಿಗೆ ಬೀಗ, ಕುಟುಂಬ ಯಾದಗಿರಿಯ ರೈಲಿನಲ್ಲಿ. ಹೆರಿಗೆಯವರೆಗೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಅವರು ಹತ್ತುವುದಿಲ್ಲ. ಆ ಸುಳ್ಳು ಭರವಸೆ ಕರುಣೆಯಿಂದಲೇ ಬಂದಿರುತ್ತದೆ, ಆದರೆ ಹುಡುಗಿಯ ಪಾಲಿಗೆ ಅದು ಇನ್ನೊಂದು ಮೋಸ.

ಇಲ್ಲಿ ಸಿಸ್ಟರ್ ಮೊದಲು ಹೇಳಿದ್ದು ಹೀಗೆ (ಮುಕಾದಮ ಎಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ):

'ನೋಡವ್ವ, ನೀ ಹೇಳೋದು ನಿಮ್ಮಜ್ಜಿಗೆ, ನಿನ್ನ ಗಂಡಗ, ಮುಕಾದಮಗ ನಾ ಹೇಳಂಗಿಲ್ಲ. ಆದ್ರ ಎರಡು ಮಾತು ನನ್ನ ಹೊಟ್ಟ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ. ಒಂದು, ನೀ ಜೀವಕ್ಕ ಏನರ ಮಾಡ್ಕೋಬೇಕಂತಿದ್ರ. ಎರಡನೇದು, ನಿನಗ ಹದಿನೆಂಟು ತುಂಬಿಲ್ಲಂದ್ರ ಕಾಯಿದೆ ಪ್ರಕಾರ ದವಾಖಾನಿಯವ್ರು ಪೊಲೀಸರಿಗೆ ತಿಳಿಸಬೇಕು. ತಿಳಿಸೋಕಿಂತ ಮೊದಲ ನಿನಗ ಹೇಳ್ತೀನಿ. ಈಗ ನಿನಗೆಷ್ಟು ಹೇಳಬೇಕನಸ್ತದ ಅಷ್ಟ ಹೇಳು.'

ಇಷ್ಟು ಕೇಳಿದ ಮೇಲೆ ಹುಡುಗಿ ಬಾಯಿ ಮುಚ್ಚಿಕೊಂಡರೆ? ಹಾಗಾಗುವುದುಂಟು. ಆದರೂ ಇದೇ ಸರಿಯಾದ ದಾರಿ. ಶಂಕೆ ಬಂದಾಗಲೇ ವರದಿಯ ಹೊಣೆ ಹುಟ್ಟಿರುತ್ತದೆ, ಅವಳ ಬಾಯಿಂದ ಬರುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಮೌನದಿಂದ ಕೇಸು ತಪ್ಪುವುದಿಲ್ಲ ಎಂದಮೇಲೆ ಸುಳ್ಳು ಹೇಳಿ ಗಳಿಸುವುದಾದರೂ ಏನು?

ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದ ಮೊದಲ ಪ್ರಶ್ನೆ: 'ಮಾಮಾಗ ಒಯ್ತಾರೇನ್ರಿ ಯಕ್ಕಾ? ನಮ್ಮವ್ವನ ತವರುಮನಿ ಮುರೀತದ.' ಗಂಡ ಎನ್ನಲಿಲ್ಲ, ಮಾಮಾ ಎಂದಳು. 'ಒಯ್ಯಬಹುದು, ಒಯ್ಯಂಗಿಲ್ಲ ಅಂತ ನಾ ಮಾತು ಕೊಡಾಕ ಬರಂಗಿಲ್ಲ' ಎಂಬುದೇ ಉತ್ತರವಾಗಿತ್ತು. ಅಳಲು ಬಿಟ್ಟರು. 'ಅಳಬ್ಯಾಡ, ಹೊಟ್ಟ್ಯಾಗಿನ ಕೂಸಿಗೆ ಚಲೋ ಅಲ್ಲ' ಎಂಬ ಮಾತು ವಾರ್ಡುಗಳಲ್ಲಿ ದಿನಕ್ಕೆ ನೂರು ಸಲ ಕೇಳುತ್ತದೆ. ಅದರಿಂದ ಅಳು ನಿಲ್ಲುವುದಿಲ್ಲ, ಕೂಸಿಗೆ ಕೇಡು ಮಾಡಿದೆ ಎಂಬ ಇನ್ನೊಂದು ಅಪರಾಧ ತಲೆಗೆ ಹತ್ತುತ್ತದೆ.

ವಯಸ್ಸನ್ನು ನೇರವಾಗಿ ಕೇಳಿದರೆ 19 ಎಂದೇ ಉತ್ತರ ಬರುತ್ತದೆ, ಮನೆಯಲ್ಲಿ ಕಲಿಸಿ ಕಳಿಸಿರುತ್ತಾರೆ. ಎಂಟನೇ ಕ್ಲಾಸು ಮುಗಿಸಿ ಎಷ್ಟು ದೀಪಾವಳಿ ಆಯಿತು ಎಂದಾಗ ಎರಡು ಎಂದಳು. ಹದಿನಾರರ ಆಸುಪಾಸು. ಅಲ್ಲಿಗೆ ಸಿಸ್ಟರ್ ಕೆಲಸ ಮುಗಿಯಿತು. ವಯಸ್ಸು ತೀರ್ಮಾನಿಸುವವರು ಬೇರೆ: ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ.

10ನೇ ಪ್ರಶ್ನೆಯ ಆ ಒಂದು ಅಂಕ

'ಒಮ್ಮೊಮ್ಮೆ ನಾ ಇಲ್ಲದಿದ್ರ ಚಲೋ ಇತ್ತು ಅನಸ್ತದ' ಎಂದಿದ್ದಳು. ಇದನ್ನು ಕೇಳಿದ ಮೇಲೆ ಮಾತು ತಿರುಗಿಸುವಂತಿಲ್ಲ. ಸಾಯುವ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಾಲ್ಕು ಸಂಗತಿ ಕೇಳಿದರು: ಈ ಯೋಚನೆ ಎಷ್ಟು ಸಲ ಬರುತ್ತದೆ, ಹೇಗೆಂದು ಯೋಚಿಸಿದ್ದಾಳೆಯೇ, ಹಿಂದೆ ಏನಾದರೂ ಮಾಡಿಕೊಂಡಿದ್ದಾಳೆಯೇ, ಆ ಹೊತ್ತಿಗೆ ಯಾವುದು ಅವಳನ್ನು ತಡೆಯುತ್ತದೆ. ಯೋಜನೆ ಇರಲಿಲ್ಲ, ಹಿಂದಿನ ಪ್ರಯತ್ನವೂ ಇರಲಿಲ್ಲ. ತಡೆಯುವುದು ಊರಿನಲ್ಲಿರುವ ತಂಗಿಯ ನೆನಪು. ಅವತ್ತೇ ಮನೋವೈದ್ಯರಿಗೆ ತೋರಿಸಿದರು. ಔಷಧ ಆಗಲೇ ಬೇಡ, ಎರಡು ವಾರಕ್ಕೊಮ್ಮೆ ನೋಡೋಣ ಎಂದು ಅವರು ತೀರ್ಮಾನಿಸಿದರು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಮತ್ತು ಮಕ್ಕಳ ಸಹಾಯವಾಣಿ 1098ನ್ನು ಕಾರ್ಡಿನ ಒಳಪುಟದಲ್ಲಿ ಬರೆದುಕೊಟ್ಟರು. ಆದರೆ ಫೋನು ಗಂಡನ ಕೈಯಲ್ಲಿರುತ್ತದೆ. ಆದ್ದರಿಂದ ಪಕ್ಕದ ಶೆಡ್ಡಿನ, ಸುರಪುರ ಕಡೆಯ ಒಬ್ಬ ಹೆಂಗಸಿನ ಫೋನಿನಿಂದ ಮಾಡಬಹುದು ಎಂದು ಅವಳೇ ಸೂಚಿಸಿದ ಮೇಲೆ ಆ ಹೆಂಗಸಿನ ಒಪ್ಪಿಗೆಯನ್ನೂ ಪಡೆದರು.

ಇನ್ನೊಂದು ಸಣ್ಣ ಸಂಗತಿ, ಔಷಧ ಕೊಡುವ ಕಿಟಕಿಯಲ್ಲಿ ಯಾರಿಗೂ ಹೊಳೆಯದ್ದು. ಈ ಮಟ್ಟದ ರಕ್ತಹೀನತೆಗೆ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಪದೇಪದೇ ಬರುವುದು ಬೇಡವೆಂದು ಒಂದೇ ಸಲಕ್ಕೆ ನೂರು ಮಾತ್ರೆ ಕೊಟ್ಟು ಕಳಿಸುವುದು ರೂಢಿ. ಕಬ್ಬಿಣದ ಮಾತ್ರೆ ಮಿತಿಮೀರಿದರೆ ವಿಷ. ಸಾಯುವ ಯೋಚನೆ ಇರುವವರಿಗೆ ಎರಡು ವಾರಕ್ಕೆ ಸಾಕಾಗುವ 28 ಮಾತ್ರ ಕೊಡಬೇಕು. ಅದರಿಂದ ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬರಲು ಮನೆಯವರು ಒಪ್ಪುವ ಒಂದು ನೆಪವೂ ಸಿಕ್ಕಿತು.

ಹೊಟ್ಟೆಯಲ್ಲಿರುವುದರ ಬಗ್ಗೆ

ಗರ್ಭಪಾತ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯ ನಂತರ ಅಪ್ರಾಪ್ತರಿಗೆ 24 ವಾರದವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಅವಕಾಶವಿದೆ. ಲೆಕ್ಕಕ್ಕೆ ಮೂರು ವಾರಕ್ಕಿಂತ ತುಸು ಹೆಚ್ಚು ಉಳಿದಿತ್ತು. ಸ್ಕ್ಯಾನಿನ ಹತ್ತು ದಿನದ ಏರುಪೇರು ಕಳೆದರೆ ಇನ್ನೂ ಕಡಿಮೆ. ಇದನ್ನು ಅವಳಿಗೆ ಹೇಳಲೇಬೇಕು. ಹೇಳದೆ ಬಿಡುವುದು ಅವಳ ಪರವಾಗಿ ನಾವೇ ತೀರ್ಮಾನಿಸಿದಂತೆ.

ಎರಡು ಸಲ, ಬೇರೆ ಬೇರೆ ದಿನ, ಅವಳೊಬ್ಬಳನ್ನೇ ಕೇಳಿದರು. ಮುಂದುವರಿಸುವುದು, ತೆಗೆಸುವುದು, ಹೆತ್ತ ಮೇಲೆ ಕಾನೂನಿನಂತೆ ಒಪ್ಪಿಸುವುದು, ಮೂರನ್ನೂ ಒಂದೇ ದನಿಯಲ್ಲಿ ಹೇಳಿದರು. ಒಪ್ಪಿಸುವುದಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶ ಇರುತ್ತದೆ ಎಂಬುದನ್ನೂ. ಕೂಸು ಒದೆಯುವುದು ಗೊತ್ತಾಗುತ್ತಿದೆ, ಇಟ್ಟುಕೊಳ್ಳುತ್ತೇನೆ ಎಂದಳು. ಎರಡನೇ ಸಲವೂ ಅದನ್ನೇ ಹೇಳಿದಳು. ಇದು ಅವಳ ಇಚ್ಛೆಯೋ, ಬೇರೆ ದಾರಿ ಕಾಣದ್ದೋ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಎರಡೂ ಸಲದ ಮಾತನ್ನು ಇದ್ದಂತೆಯೇ ಬರೆದಿಟ್ಟರು.

ಒಂದು ಗೊಂದಲ ಆಗಾಗ ಕಾಣುತ್ತದೆ. ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಗುರುತು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಗರ್ಭಪಾತದ ಸಂದರ್ಭದಲ್ಲಿ. ಬಸಿರು ಮುಂದುವರಿಯುವಲ್ಲಿ ಅದನ್ನೇ ಹಿಡಿದು ಕೂರಬಾರದು.

ವರದಿ ಮತ್ತು ಅದರ ಮರುದಿನ

ವರದಿ ಮೊದಲ ಭೇಟಿಯ ಸಂಜೆಯೇ ಹೋಯಿತು. ಹೋಗುವ ಮೊದಲು ಆ ಪತ್ರವನ್ನು ಅವಳಿಗೆ ತೋರಿಸಿ, ಮಾಹಿತಿ ಕೊಡುತ್ತಿರುವವರು ಆಸ್ಪತ್ರೆಯವರು ಎಂಬ ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳಿದರು. ವೈದ್ಯರ ಸಹಿ ಇದ್ದ ಜಾಗವನ್ನೂ ತೋರಿಸಿದರು. ಈ ಒಂದು ನಿಮಿಷದ ಕೆಲಸ ಮುಂದೆ ಬಹಳ ಉಪಯೋಗಕ್ಕೆ ಬಂತು. ಮನೆಯಲ್ಲಿ 'ನೀನೇ ಬಾಯಿ ಬಿಟ್ಟಿ' ಎಂದಾಗ ಅವಳ ಬಳಿ ಒಂದು ಉತ್ತರವಿತ್ತು.

ಹೇಳಿಕೆ ಪಡೆಯುವ ವಿಧಾನ ಕಾಯ್ದೆಯಲ್ಲೇ ಇದೆ. ಮಗುವಿಗೆ ಇಷ್ಟವಾದ ಜಾಗದಲ್ಲಿ, ಸಾಧ್ಯವಾದಷ್ಟು ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರವಿಲ್ಲದೆ, ಮಗು ನಂಬುವವರೊಬ್ಬರ ಎದುರಿಗೆ. ಭಾಷೆ ಬಾರದಿದ್ದರೆ ಭಾಷಾಂತರಕಾರರು. ಕಾಗದದಲ್ಲಿ ಇಷ್ಟಿದ್ದರೂ ಅವಸರದಲ್ಲಿ ಮುಕಾದಮನ ಹೆಂಡತಿಯನ್ನೇ ಕರೆತಂದು ಅನುವಾದಕ್ಕೆ ಕೂರಿಸುವುದುಂಟು. ಮುಕಾದಮ ಗಂಡನಿಗೆ ಮುಂಗಡ ಕೊಟ್ಟವನು, ಅವನ ಮನೆಯವರ ಮುಂದೆ ಹುಡುಗಿ ಏನು ಹೇಳಿಯಾಳು? ಸಂಬಂಧಿಕರಲ್ಲದ, ಸೈಟಿನವರಲ್ಲದ ಕನ್ನಡ ಬಲ್ಲವರೇ ಬೇಕು ಎಂದು ಸಿಸ್ಟರ್ ಲಿಖಿತವಾಗಿ ಕೇಳಿದ್ದರಿಂದ ಅದು ತಪ್ಪಿತು. ವೈದ್ಯಕೀಯ ಪರೀಕ್ಷೆ ಮಾಡಿದ್ದು ಮಹಿಳಾ ವೈದ್ಯೆ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ, ಯಾರೂ ಅದನ್ನು ಮಾಡುವಂತಿಲ್ಲ.

ಗುಟ್ಟು ಸೋರುವುದು ಪೊಲೀಸ್ ಠಾಣೆಯಿಂದಲ್ಲ, ವಾರ್ಡಿನಿಂದ. 'ಪೋಕ್ಸೊ ಕೇಸ್ ಯಾವ ಬೆಡ್?' ಎಂದು ಬಾಗಿಲಲ್ಲಿ ನಿಂತು ಒಬ್ಬರು ಕೂಗಿದರೆ ಮುಗಿಯಿತು, ಮೂವತ್ತು ಬಾಣಂತಿಯರ ಬಂಧುಬಳಗವೆಲ್ಲ ತಿರುಗಿ ನೋಡುತ್ತದೆ. ಸಂತ್ರಸ್ತೆಯ ಗುರುತು ಬಹಿರಂಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ ಎಂಬುದನ್ನು ವಾರ್ಡಿನ ಆಯಾಗಳಿಗೂ, ಕಾವಲುಗಾರರಿಗೂ ಹೇಳಬೇಕು. ಕಡತಕ್ಕೆ ನಂಬರು ಮಾತ್ರ ಹಾಕಿ ಬೇರೆ ಕಪಾಟಿನಲ್ಲಿ ಇಟ್ಟರು.

ಗಂಡನನ್ನು ಒಯ್ದ ವಾರ ಅಂಕ 20ಕ್ಕೆ ಏರಿತು, 10ನೇ ಪ್ರಶ್ನೆ 2ಕ್ಕೆ. ಅವತ್ತೇ ಮನೋವೈದ್ಯರು ದೊಡ್ಡಾಸ್ಪತ್ರೆಯಲ್ಲಿ ದಾಖಲು ಮಾಡಿಸಿಕೊಂಡು ಕೆಲವು ದಿನ ಇಟ್ಟುಕೊಂಡರು. ಆದರೂ ಬಿಡುಗಡೆಯಾದ ಮೇಲೆ ಅವಳು ಅದೇ ಪ್ರಸೂತಿಗೃಹಕ್ಕೆ ಮರಳಿ ಬಂದಳು. 'ಮೊದಲ ಹೇಳಿದ್ರಲ್ಲ' ಎಂಬುದೇ ಅವಳು ಕೊಟ್ಟ ಕಾರಣ.

ಅವ್ವ ರಾತ್ರಿ ರೈಲಿಗೆ ಬಂದಿಳಿದಳು. ಮೊದಲೆರಡು ದಿನ ಮಗಳ ಜೊತೆ ಮಾತಿಲ್ಲ. ಜೈಲಿನಲ್ಲಿದ್ದವನು ಅವಳು ಎತ್ತಿ ಆಡಿಸಿದ ತಮ್ಮ. ಅವ್ವನಿಗೂ ಬೇರೆಯಾಗಿ ಅರ್ಧ ಗಂಟೆ ಕೊಟ್ಟು, ಅವಳ ಸಿಟ್ಟನ್ನು ಮಗಳ ಮುಂದಲ್ಲದೆ ಇಲ್ಲಿ ಹೇಳಿಕೊಳ್ಳಲು ಬಿಟ್ಟರು. ಅಜ್ಜಿಯನ್ನು ಬೈಯುವುದು ಎಲ್ಲರಿಗೂ ಸುಲಭ, ಅದರಷ್ಟು ನಿಷ್ಪ್ರಯೋಜಕ ಕೆಲಸ ಇನ್ನೊಂದಿಲ್ಲ. ಹದಿನೈದಕ್ಕೆ ಹೆತ್ತ ಹೆಂಗಸು ಅವಳು, ನಡೆದದ್ದರಲ್ಲಿ ತಪ್ಪೇನೆಂದೇ ಅವಳಿಗೆ ಕಾಣುತ್ತಿರಲಿಲ್ಲ. ಅವಳಿಗೆ ಅಪಾಯದ ಚಿಹ್ನೆ ಗುರುತಿಸುವ ಕೆಲಸ ಕೊಟ್ಟರು: ತಲೆಶೂಲೆ, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಹೋಗುವುದು, ಕೂಸಿನ ಒದೆತ ಕಡಿಮೆಯಾಗುವುದು. ಹದಿಹರೆಯದ ಬಸುರಿಯರಲ್ಲಿ ರಕ್ತದೊತ್ತಡದ ತೊಂದರೆ, ದಿನ ತುಂಬದ ಹೆರಿಗೆ ಹೆಚ್ಚು. ಅಜ್ಜಿ ಕಾವಲುಗಾರ್ತಿಯಾದಳು.

ಮಕ್ಕಳ ಕಲ್ಯಾಣ ಸಮಿತಿ ಹುಡುಗಿಯನ್ನು ಅವ್ವನ ಜೊತೆ ಬೇರೆ ಖೋಲಿಯಲ್ಲಿ ಇರಲು ಬಿಟ್ಟು, ಕೇಸಿನುದ್ದಕ್ಕೂ ಅವಳಿಗೆ ನೆರವಾಗಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಿತು. ಸಂತ್ರಸ್ತರಿಗೆ ಪರಿಹಾರ ಕೊಡುವ ಮಹಾರಾಷ್ಟ್ರದ ಮನೋಧೈರ್ಯ ಯೋಜನೆಯ ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಯಿತು.

ಎರಡು ವಾರಕ್ಕೊಮ್ಮೆ ಅರ್ಧ ಗಂಟೆ

ಭೇಟಿಗಳಲ್ಲಿ ಉಪದೇಶ ಇರಲಿಲ್ಲ. ಮೊದಲ ಹತ್ತು ನಿಮಿಷ ಮೈಯ ತಪಾಸಣೆ. ಹೊಟ್ಟೆ ಮುಟ್ಟುವ ಮೊದಲು ಹೇಳುವುದು, ಅವಳು ಕೈ ಎತ್ತಿದರೆ ನಿಲ್ಲಿಸುವುದು. ಎರಡನೇ ಭೇಟಿಯಲ್ಲಿ ಒಮ್ಮೆ ಕೈ ಎತ್ತಿದಳು, ನಿಲ್ಲಿಸಿದರು. ಆಮೇಲೆ ಎತ್ತಲಿಲ್ಲ. ಉಳಿದ ಹೊತ್ತಿನಲ್ಲಿ ಹಿಂದಿನ ಎರಡು ವಾರ ಹೇಗಿತ್ತು ಎಂಬ ಮಾತು, ಮುಂದಿನ ಎರಡು ವಾರಕ್ಕೆ ಒಂದೇ ಒಂದು ಸಣ್ಣ ಕೆಲಸ. ಸಂಜೆ ಸುರಪುರದ ಹೆಂಗಸಿನ ಜೊತೆ ಅರ್ಧ ಗಂಟೆ ಹೊರಗೆ ಕೂರುವುದು. ತಂಗಿಗೆ ಭಾನುವಾರ ಫೋನು. ಗಂಡಸರು ಉಂಡಾದ ಮೇಲೆ ಉಳಿದದ್ದನ್ನು ಉಣ್ಣುವ ಬದಲು ಅವ್ವನ ಜೊತೆಗೇ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ.

ಮಾತ್ರೆ ನುಂಗುತ್ತಿರಲಿಲ್ಲ ಎಂಬುದು ಉಳಿದ ಮಾತ್ರೆ ಎಣಿಸಿದಾಗ ತಿಳಿಯಿತು. ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅಜ್ಜಿ ಬೇಡವೆಂದಿದ್ದಳು, ಮಲ ಕಪ್ಪಾಗಿದ್ದು ಕಂಡು ಹೆದರಿ ಇವಳೂ ಬಿಟ್ಟಿದ್ದಳು. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಬೇಕಿದ್ದ ಮಾತು. ಊಟವಾದ ಒಂದು ಗಂಟೆಗೆ, ಲಿಂಬೆ ಪಾನಕದ ಜೊತೆ, ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಯಿಂದ ದೂರ ಇಟ್ಟು ಶುರುಮಾಡಿದ ಮೇಲೆ ತಿಂಗಳಲ್ಲಿ ಹಿಮೋಗ್ಲೋಬಿನ್ 9.8 ಆಯಿತು. ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕಿತ್ತು.

34ನೇ ವಾರಕ್ಕೆ ಅಂಕ 11. ಹೆರಿಗೆ ಕೋಣೆಯನ್ನು ಮೊದಲೇ ತೋರಿಸಿ, ಟೇಬಲ್ಲು, ದೀಪ, ಅವ್ವ ನಿಲ್ಲುವ ಜಾಗ ಎಲ್ಲ ಪರಿಚಯ ಮಾಡಿಸಿದ್ದರು. 37 ವಾರ ತುಂಬಿದ ಮೇಲೆ ಸಹಜ ಹೆರಿಗೆ, ಹೆಣ್ಣು ಕೂಸು, 2.2 ಕಿಲೋ. ಎದೆಗೆ ಅವಚಿಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಅವ್ವ, ಅಜ್ಜಿ ಇಬ್ಬರೂ ಸರದಿಯಲ್ಲಿ ಮಾಡಿದರು. ಮತ್ತೆ ಬಸಿರಾಗದಂತೆ ಇರುವ ದಾರಿಗಳನ್ನು ಹೆರಿಗೆಯ ನೋವಿನಲ್ಲಿ ಕೇಳದೆ 36ನೇ ವಾರದಲ್ಲೇ ಮಾತಾಡಿದ್ದರು. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಬೇಕೆಂದಿದ್ದಳು, ಹಾಲೂಡಿಸುವುದರಿಂದ ಆರು ವಾರ ಬಿಟ್ಟು ಕೊಟ್ಟರು.

ಬಾಣಂತಿ ತನ್ನ ಮನಸ್ಸಿನ ತಪಾಸಣೆಗೆಂದು ಬರುವುದಿಲ್ಲ, ಕೂಸಿನ ಲಸಿಕೆಗೆ ಬಂದೇ ಬರುತ್ತಾಳೆ. ಆದ್ದರಿಂದ ಎಡಿನ್‌ಬರೊ ಪ್ರಶ್ನೆಗಳನ್ನು 6, 10, 14ನೇ ವಾರದ ಲಸಿಕೆಗೇ ಜೋಡಿಸಿದರು. ಆರನೇ ವಾರ 8. ಹದಿನಾಲ್ಕನೇ ವಾರ 12, ಹತ್ತನೇ ಪ್ರಶ್ನೆಗೆ ಸೊನ್ನೆ. ಕಾರಣ ಕೇಳಿದಾಗ ಬ್ಲೌಸಿನೊಳಗಿಂದ ಮಡಚಿದ ಒಂದು ಕಾಗದ ತೆಗೆದಳು. ಜಾಮೀನಿನ ಮೇಲೆ ಬಂದ ಗಂಡ ಬೇರೆ ಸೈಟಿನಲ್ಲಿದ್ದ. ಆ ಕಾಗದ ಕೋರ್ಟಿನಿಂದ ಬಂದ ಮರಾಠಿಯ ಸಮನ್ಸು, ಒಂದು ವಾರದಿಂದ ಯಾರಿಗೂ ತೋರಿಸಿರಲಿಲ್ಲ. ಕೂಸನ್ನು ಕಸಿದುಕೊಳ್ಳುವ ನೋಟಿಸು ಎಂದುಕೊಂಡಿದ್ದಳು. ಸಾಕ್ಷಿ ಹೇಳಲು ಕರೆದಿರುವುದಷ್ಟೇ ಎಂದು ಓದಿ ಹೇಳಿ, ಬೆಂಬಲ ವ್ಯಕ್ತಿಗೆ ಅಲ್ಲಿಂದಲೇ ಫೋನು ಹಚ್ಚಿಕೊಟ್ಟರು. ಕೋರ್ಟಿಗೆ ಅವಳ ಜೊತೆ ಹೋಗುವವರು ಯಾರು, ಕೂಸನ್ನು ಆ ಹೊತ್ತು ಯಾರು ನೋಡಿಕೊಳ್ಳಬೇಕು, ಕನ್ನಡ ಭಾಷಾಂತರಕಾರರಿಗೆ ಅರ್ಜಿ ಹೋಗಿದೆಯೇ ಎಂಬ ಮೂರನ್ನೂ ಕಡತದಲ್ಲಿ ಬರೆದು, ಮುಂದಿನ ಭೇಟಿಯನ್ನು ಸಾಕ್ಷಿಯ ದಿನಾಂಕದ ಎರಡು ದಿನ ಮೊದಲಿಗೆ ಹಾಕಿದರು.